ಬಲತಿರುವಿನಲ್ಲಿ ಮಾತ್ರ ಕೇಳುತ್ತಿದ್ದ ಸದ್ದು: ಚಿಕ್ಕಮಗಳೂರಿನ ಬೇಲೂರು ರಸ್ತೆಯ ಒಂದು ಗ್ಯಾರೇಜು

ಆಲ್ದೂರಿನ ಕಡೆಯಿಂದ ಚಿಕ್ಕಮಗಳೂರಿಗೆ ಶಾಲೆಯ ಕೆಲಸಕ್ಕಾಗಿ ದಿನವೂ ಸುಮಾರು 20 ಕಿಲೋಮೀಟರ್ ಕಾರು ಓಡಿಸುವವನು ನಾನು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾರಿನ ಮುಂಭಾಗದಿಂದ ಒಂದು ಉಜ್ಜುವ ಸದ್ದು ಕೇಳಲಾರಂಭಿಸಿತು. ಮೊದಲು ಗಮನಿಸಿದ್ದು ಎಡಗಡೆಯ ಸೀಟಿನಲ್ಲಿ ಕೂರುವ ನನ್ನ ಹೆಂಡತಿ. ಮೊರದಲ್ಲಿ ಅಕ್ಕಿ ಆಡಿಸಿದಂತೆ ಸರ್, ಸರ್ ಎಂದು ಲಯಬದ್ಧವಾಗಿ ಬರುತ್ತಿದೆ ಎಂದು ಆಕೆ ಹೇಳಿದಾಗ, ಚಕ್ರಕ್ಕೆ ಯಾವುದೋ ಕಡ್ಡಿ ಸಿಕ್ಕಿರಬೇಕೆಂದು ನಾನು ಸುಮ್ಮನಾಗಿದ್ದೆ. ಎರಡು ವಾರ ಕಳೆದರೂ ಅದು ಹೋಗಲಿಲ್ಲ. ಆ ಸದ್ದಿನ ಮೂಲವನ್ನು ಹುಡುಕಿಕೊಟ್ಟ ಬೇಲೂರು ರಸ್ತೆಯ ಒಂದು ಸಣ್ಣ ಗ್ಯಾರೇಜಿನ ಕೆಲಸವನ್ನು ಇಲ್ಲಿ ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಅವರು ಮೊದಲ ಸಲ ಪೂರ್ತಿ ಸರಿಯಾಗಿ ಹುಡುಕಲಿಲ್ಲ ಎಂಬುದನ್ನೂ ಬರೆಯುತ್ತೇನೆ, ಏಕೆಂದರೆ ಆ ಗ್ಯಾರೇಜಿನ ಬಗ್ಗೆ ನನಗೆ ಗೌರವ ಮೂಡಿದ್ದು ಎರಡನೆಯ ಸಲ ಹೋದಾಗ.

ಅಲ್ಲಿಗೆ ಹೋಗುವ ಮೊದಲು ನಗರದ ಒಂದು ದೊಡ್ಡ ವರ್ಕ್‌ಶಾಪಿಗೆ ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಕಾರನ್ನು ಆವರಣದೊಳಗೆ ಒಂದು ಸುತ್ತು ಓಡಿಸಿ ನೋಡಿದರು. ಬ್ರೇಕ್ ಪೆಡಲನ್ನು ಮೆಲ್ಲಗೆ ಮುಟ್ಟಿದೊಡನೆ ಸದ್ದು ನಿಲ್ಲುತ್ತದೆ ಎಂದು ನಾನು ಹೇಳಿದಾಗ, ಹಾಗಾದರೆ ಇದು ಬ್ರೇಕಿನದೇ ಸದ್ದು ಎಂದು ತೀರ್ಮಾನಿಸಿ ಮುಂದಿನ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಿದರು. ಕಳಚಿದ ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು ಮನೆಯಲ್ಲಿ ಸ್ಕೇಲಿನಿಂದ ಅಳೆದೆ. ನಾಲ್ಕರಲ್ಲೂ 6 ಮಿಲಿಮೀಟರಿಗಿಂತ ಹೆಚ್ಚು ದಪ್ಪ ಉಳಿದಿತ್ತು. ಸಾಮಾನ್ಯವಾಗಿ 3 ಮಿಲಿಮೀಟರಿನ ಹತ್ತಿರ ಬಂದಾಗ ಬದಲಾಯಿಸುವ ವಸ್ತುವಿಗೆ ನಾನು 3,150 ರೂಪಾಯಿ ಕೊಟ್ಟಿದ್ದೆ, ಮರುದಿನ ಸದ್ದೂ ಮರಳಿ ಬಂದಿತು. ಮತ್ತೆ ಹೋದಾಗ ಚಕ್ರ ಬಿಚ್ಚದೆಯೇ ಪ್ಯಾಡುಗಳು ಒತ್ತಿ ಹಿಡಿಯುವ ಎರಡೂ ಡಿಸ್ಕು, ಚಕ್ರ ಸಲೀಸಾಗಿ ತಿರುಗಲು ಇರುವ ಎರಡೂ ಬೇರಿಂಗು, ಚಕ್ರಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಎಡಗಡೆಯ ಡ್ರೈವ್ ಶಾಫ್ಟು ಎಲ್ಲವನ್ನೂ ಸೇರಿಸಿ 21,400 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಎಲ್ಲವನ್ನೂ ಬದಲಾಯಿಸಿದರೆ ಸದ್ದು ಹೋಗುತ್ತದೆ ಎಂಬುದೇನೋ ನಿಜ. ಆದರೆ ಅವುಗಳಲ್ಲಿ ಕೆಟ್ಟದ್ದು ಯಾವುದು ಎಂಬುದು ನನಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ.

ಬೇಲೂರು ರಸ್ತೆಯ ಗ್ಯಾರೇಜನ್ನು ತೋರಿಸಿದವರು ನಮ್ಮ ಪಕ್ಕದ ತೋಟದವರು. ಅವರ ಹಳೆಯ ಜೀಪನ್ನು ಅಲ್ಲಿಯೇ ನೋಡಿಕೊಳ್ಳುತ್ತಾರೆ. ತಗಡಿನ ಮಾಡು, ಎರಡು ಕಾರು ನಿಲ್ಲುವಷ್ಟು ಜಾಗ, ಒಂದು ಲಿಫ್ಟು, ಗೋಡೆಗೆ ಸಾಲಾಗಿ ತೂಗುಹಾಕಿದ ಪಾನಾಗಳು. ಮೇಸ್ತ್ರಿಯವರಿಗೆ ಅರವತ್ತರ ಹತ್ತಿರದ ವಯಸ್ಸು, ಜೊತೆಗೆ ಕೆಲಸ ಕಲಿಯುವ ಇಬ್ಬರು ಹುಡುಗರು. ನಾನು ಬಾನೆಟ್ ಎತ್ತಲು ಹೋದಾಗ ಅವರು ತಡೆದು, "ಮೇಷ್ಟ್ರೇ, ಸದ್ದು ಎಲ್ಲಿಂದ ಬರ್ತದೆ ಅಂತ ಆಮೇಲೆ ನೋಡುವ. ಯಾವಾಗ ಬರ್ತದೆ, ಯಾವಾಗ ಬರೋದಿಲ್ಲ, ಅದನ್ನ ಮೊದಲು ಹೇಳಿ" ಎಂದರು. ಬೆಳಿಗ್ಗೆ ಕಾರು ತಣ್ಣಗಿರುವಾಗ ಬರುತ್ತದೆಯೇ, ಬಿಸಿಯಾದ ಮೇಲೆಯೇ, ವೇಗ ಹೆಚ್ಚಿದಂತೆ ಸದ್ದು ಬರಿದೆ ಬೇಗಬೇಗ ಬರುತ್ತದೆಯೇ ಅಥವಾ ಅದರ ಸ್ವರವೂ ಏರುತ್ತದೆಯೇ, ಆಕ್ಸಿಲರೇಟರ್ ಬಿಟ್ಟಾಗ ಏನಾಗುತ್ತದೆ, ಯಾವ ಕಡೆಯ ತಿರುವಿನಲ್ಲಿ ಹೆಚ್ಚು, ಒಬ್ಬರೇ ಇದ್ದಾಗಲೂ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅರ್ಧದಷ್ಟು ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಎರಡು ದಿನ ಗಮನಿಸಿ ಬನ್ನಿ ಎಂದು ಹಣ ತೆಗೆದುಕೊಳ್ಳದೆ ಕಳುಹಿಸಿದರು. ಎರಡು ದಿನಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಸದ್ದು ಬಲತಿರುವಿನಲ್ಲಿ ಸ್ಪಷ್ಟವಾಗಿ ಬರುತ್ತದೆ, ಎಡತಿರುವಿನಲ್ಲಿ ಸುಳಿವೇ ಇರುವುದಿಲ್ಲ, ನೇರ ರಸ್ತೆಯಲ್ಲಿ ಅಪರೂಪ. ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ.

ಇದನ್ನು ಕೇಳಿದ ಮೇಲೆ ಅವರು ಕಾರನ್ನು ರಸ್ತೆಗೆ ತೆಗೆದರು. ನನ್ನನ್ನೇ ಓಡಿಸಲು ಹೇಳಿ, ತಾವು ಎಡಗಡೆ ಕುಳಿತು ಗಾಜು ಇಳಿಸಿಕೊಂಡರು. ಮೊದಲು ಉದ್ದನೆಯ ಕಾಂಪೌಂಡ್ ಗೋಡೆಯೊಂದರ ಪಕ್ಕದಲ್ಲಿ ನಿಧಾನವಾಗಿ ಹೋಗಲು ಹೇಳಿದರು. ಗೋಡೆಗೆ ಬಡಿದು ಮರಳುವ ಸದ್ದು ಬಯಲಿನಲ್ಲಿ ಚದುರಿ ಹೋಗುವ ಸದ್ದಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಬಳಿಕ ಸಮತಟ್ಟಾದ, ವಾಹನಗಳಿಲ್ಲದ ಕಡೆ ಕಾರನ್ನು ನ್ಯೂಟ್ರಲ್‌ಗೆ ತಂದು ಹಾಗೆಯೇ ಉರುಳಲು ಬಿಟ್ಟೆವು. ಎಂಜಿನ್ ಐಡ್ಲಿಂಗಿಗೆ ಇಳಿದರೂ ಸದ್ದು ಮಾತ್ರ ಚಕ್ರದ ವೇಗಕ್ಕೆ ಸರಿಯಾಗಿ ಬರುತ್ತಲೇ ಇತ್ತು. ಎಂಜಿನ್ನು, ಕ್ಲಚ್ಚು ಮತ್ತು ಕ್ಲಚ್ಚಿನ ರಿಲೀಸ್ ಬೇರಿಂಗು ಇವಿಷ್ಟೂ ಅಲ್ಲಿಗೆ ಅನುಮಾನದಿಂದ ಹೊರಬಂದವು. ಕ್ಲಚ್ ಪೆಡಲ್ ಒತ್ತಿದಾಗ ಹುಟ್ಟುವ ಸದ್ದಾಗಿದ್ದರೆ ರಿಲೀಸ್ ಬೇರಿಂಗನ್ನೂ, ಒತ್ತಿದಾಗ ನಿಲ್ಲುವ ಸದ್ದಾಗಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ ನೋಡಬೇಕಾಗುತ್ತಿತ್ತು ಎಂದು ಅವರು ಹುಡುಗರಿಗೆ ಪಾಠದಂತೆ ಹೇಳಿದರು. ನಾನೂ ಕೇಳಿಸಿಕೊಂಡೆ.

ನನಗೆ ಅತ್ಯಂತ ಇಷ್ಟವಾದದ್ದು ಮುಂದಿನ ಪರೀಕ್ಷೆ. ಗಂಟೆಗೆ 20 ಕಿಲೋಮೀಟರ್ ವೇಗವನ್ನು ಬದಲಾಗದಂತೆ ಹಿಡಿಯಲು ಹೇಳಿ, ವಿಶಾಲವಾದ ಬಲತಿರುವಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಸದ್ದನ್ನು ಎಣಿಸಿದರು. ಐದು ಸೆಕೆಂಡಿಗೆ 14 ಸಲ. ನಮ್ಮ ಕಾರಿನ ಟೈರು 165/80 ಆರ್14 ಅಳತೆಯದು. ಅದರ ವ್ಯಾಸ ಸುಮಾರು 620 ಮಿಲಿಮೀಟರ್, ಸುತ್ತಳತೆ 1.95 ಮೀಟರಿಗೆ ಸಮೀಪ. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಮೂರಕ್ಕೆ ತುಸು ಕಡಿಮೆ ಸುತ್ತು ತಿರುಗುತ್ತದೆ. ಐದು ಸೆಕೆಂಡಿಗೆ 14 ಸಲ ಎಂಬುದು ಚಕ್ರದ ಒಂದು ಸುತ್ತಿಗೆ ಒಂದು ಸಲ ಎಂಬ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ನಮ್ಮದು ಮುಂಚಕ್ರ ಚಾಲನೆಯ ಕಾರು. ಇದರಲ್ಲಿ ಡ್ರೈವ್ ಶಾಫ್ಟೂ ಚಕ್ರದಷ್ಟೇ ವೇಗದಲ್ಲಿ ತಿರುಗುವುದರಿಂದ, ಎಣಿಕೆಯೊಂದರಿಂದಲೇ ಶಾಫ್ಟನ್ನು ಬಿಟ್ಟುಬಿಡಲಾಗುವುದಿಲ್ಲ ಎಂದು ಅವರು ಎಚ್ಚರಿಸಿದರು. ಪಕ್ಕದ ತೋಟದವರ ಜೀಪಿನಂತೆ ಹಿಂಚಕ್ರ ಚಾಲನೆಯ ವಾಹನವಾಗಿದ್ದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಸುಮಾರು ನಾಲ್ಕು ಸುತ್ತು ತಿರುಗುವುದರಿಂದ, ಎಣಿಕೆಯೇ ದಾರಿ ತೋರಿಸಿಬಿಡುತ್ತಿತ್ತಂತೆ. ಗಣಿತ ಕಲಿಸುವ ನನಗೆ ವೃತ್ತದ ಪರಿಧಿಯ ಈ ಬಳಕೆಯನ್ನು ಗ್ಯಾರೇಜಿನಲ್ಲಿ ಕಂಡು ಬಹಳ ಸಂತೋಷವಾಯಿತು. ಆ ವಾರ ಎಂಟನೆಯ ತರಗತಿಯಲ್ಲಿ ಇದೇ ಲೆಕ್ಕವನ್ನು ಮಾಡಿಸಿದೆ.

ಶಾಫ್ಟಿನ ಪರೀಕ್ಷೆ ಬೇಗ ಮುಗಿಯಿತು. ಒಂದು ಬಯಲಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಎರಡೂ ದಿಕ್ಕಿಗೆ ನಿಧಾನವಾಗಿ ಸುತ್ತು ಹಾಕಿದೆವು. ಶಾಫ್ಟಿನ ಚಕ್ರದ ಕಡೆಯ ತುದಿಯಲ್ಲಿರುವ ಕೀಲು, ಅಂದರೆ ಹೊರಗಡೆಯ ಸಿವಿ ಜಾಯಿಂಟ್ ಸವೆದಿದ್ದರೆ ಕಟಕಟ ಎಂಬ ಸದ್ದು ಬರಬೇಕಿತ್ತು, ಬರಲಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೂ ಸದ್ದು ಬದಲಾಗಲಿಲ್ಲ. ಜಾಯಿಂಟಿನ ರಬ್ಬರ್ ಬೂಟು ಹರಿದಿರಲಿಲ್ಲ, ಸುತ್ತ ಗ್ರೀಸೂ ಚೆಲ್ಲಿರಲಿಲ್ಲ.

ಬ್ರೇಕು ಹಿಡಿದುಕೊಂಡಿದೆಯೇ ಎಂದು ತಿಳಿಯಲು ಅವರು ಮೂರು ನಾಲ್ಕು ಕಿಲೋಮೀಟರ್ ದೂರವನ್ನು ಬ್ರೇಕ್ ಹೆಚ್ಚು ಬಳಸದೆ, ಗೇರ್ ಇಳಿಸುತ್ತಲೇ ವೇಗ ತಗ್ಗಿಸಿ ಓಡಿಸಲು ಹೇಳಿದರು. ನಿಲ್ಲಿಸಿದ ಕೂಡಲೇ, ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಚಕ್ರಗಳಿಗೆ ಹಿಡಿದರು. ಮುಂದಿನ ಎಡ ಡಿಸ್ಕು 58 ಡಿಗ್ರಿ, ಬಲ ಡಿಸ್ಕು 55 ಡಿಗ್ರಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನೋ ಅದರ ಸ್ಲೈಡ್ ಪಿನ್ನೋ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ, ಆ ಚಕ್ರದ ಡಿಸ್ಕು ಉಳಿದವುಗಳಿಗಿಂತ ಎದ್ದುಕಾಣುವಷ್ಟು ಬಿಸಿಯಾಗಿರಬೇಕಿತ್ತು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಹಿಂದಕ್ಕೆ ಎಳೆಯುವ ಬಲವಾದ ಸ್ಪ್ರಿಂಗು ಇರುವುದಿಲ್ಲ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲು ಒತ್ತಡಕ್ಕೆ ತುಸು ತಿರುಚಿಕೊಂಡು, ಪೆಡಲ್ ಬಿಟ್ಟಾಗ ಮೊದಲಿನ ಸ್ಥಿತಿಗೆ ಮರಳುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ, ಅಷ್ಟೇ. ಹಾಗಾಗಿ ಪ್ಯಾಡು ಡಿಸ್ಕನ್ನು ತೀರ ಹಗುರವಾಗಿ ಸವರುವುದು ಸಹಜ; ಲಿಫ್ಟಿನ ಮೇಲೆ ಚಕ್ರ ತಿರುಗಿಸಿದಾಗ ಕೇಳುವ ಸಣ್ಣ ಸದ್ದಿಗೆ ಗಾಬರಿಯಾಗಬೇಕಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಎರಕದ ಡಿಸ್ಕಿನ ಮೇಲೆ ತುಕ್ಕಿನ ತೆಳುವಾದ ಪದರ ಕೂರುತ್ತದೆ, ಮೊದಲ ನಾಲ್ಕೈದು ಬ್ರೇಕಿಗೆ ಅದು ಕರಕರ ಎಂದು ಉಜ್ಜಿ ಹೋಗುತ್ತದೆ. ಅದನ್ನೂ ರೋಗವೆಂದು ತಿಳಿದು ಓಡಿಬರುವವರು ಜೂನ್, ಜುಲೈ ತಿಂಗಳಲ್ಲಿ ಬಹಳವಂತೆ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳನ್ನು ಕೈಯಿಂದಲೇ ಎಳೆದು ತಳ್ಳಿ ನೋಡಿದರು. ಎರಡೂ ಸಲೀಸಾಗಿ ಜಾರುತ್ತಿದ್ದವು.

ಎಡ ಮುಂಚಕ್ರ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇದ್ದಂತಿತ್ತು. ಡಿಸ್ಕಿನ ಹಿಂದೆ, ಕೆಸರು ಮತ್ತು ಕಲ್ಲು ಎರಚದಂತೆ ತಡೆಯಲು ಇರುವ ತೆಳುತಗಡಿನ ಶೀಲ್ಡಿನ ಕೆಳ ಅಂಚಿನಲ್ಲಿ ಬೆರಳುದ್ದದ ಒಂದು ಗೆರೆ ಬೆಳ್ಳಿಯಂತೆ ಹೊಳೆಯುತ್ತಿತ್ತು, ಉಳಿದ ತಗಡೆಲ್ಲ ಕೆಂಪು ಧೂಳು ಮೆತ್ತಿ ಕಪ್ಪಾಗಿತ್ತು. ಡಿಸ್ಕಿನ ಹೊರ ಅಂಚಿನಲ್ಲಿ, ಪ್ಯಾಡು ತಾಗದ ಜಾಗದಲ್ಲಿ ತುಕ್ಕಿನ ಒಂದು ಏಣು ಬೆಳೆದಿತ್ತು. ಅದರ ಎತ್ತರವಾದ ಭಾಗ ಸುತ್ತಿಗೊಮ್ಮೆ ತಗಡನ್ನು ತಾಗುತ್ತಿತ್ತು. ತೋಟದ ದಾರಿಯ ಕಲ್ಲು ಬಡಿದು ತಗಡು ಬಾಗಿರಬೇಕೆಂದು ಮೇಸ್ತ್ರಿಯವರು ಹೇಳಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿಯೂ ನೋಡಿದರು. ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗಿನ ಮೇಲೆ ಇಟ್ಟರು. ಬೇರಿಂಗು ಒರಟಾಗಿದ್ದರೆ ಆ ನಡುಕ ಸ್ಪ್ರಿಂಗಿಗೆ ದಾಟಿ ಬೆರಳಿಗೆ ತಿಳಿಯುತ್ತದೆ. ಕೈಗೆ ಏನೂ ಸಿಗಲಿಲ್ಲ. ತಗಡನ್ನು ನೇರ ಮಾಡಿ, ತುಕ್ಕಿನ ಏಣನ್ನು ಅರದಿಂದ ಉಜ್ಜಿ, 350 ರೂಪಾಯಿ ತೆಗೆದುಕೊಂಡರು. ಬ್ರೇಕಿನ ಧೂಳನ್ನು ಗಾಳಿಯ ಪೈಪಿನಿಂದ ಊದದೆ, ಕ್ಲೀನರ್ ದ್ರವದಿಂದ ಒದ್ದೆ ಮಾಡಿ ಬ್ರಷ್ಷಿನಿಂದ ತೆಗೆದದ್ದನ್ನು ಇಲ್ಲಿ ಹೇಳಲೇಬೇಕು. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೆಲವು ಹಳೆಯ ಪ್ಯಾಡು ಮತ್ತು ಲೈನರುಗಳಲ್ಲಿ ಕಲ್ನಾರೂ ಇರುತ್ತಿತ್ತು. ದೊಡ್ಡ ವರ್ಕ್‌ಶಾಪಿನಲ್ಲಿ ಅದೇ ಧೂಳನ್ನು ಹದಿನೆಂಟು ತುಂಬಿರದಂತೆ ಕಾಣುವ ಹುಡುಗನೊಬ್ಬ ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಊದುತ್ತಿದ್ದುದನ್ನು ನೋಡಿ ನನಗೆ ಸಂಕಟವಾಗಿತ್ತು.

ಸದ್ದು ಹೋಯಿತು. ಒಂಬತ್ತು ದಿನ ಕಾರು ಮೌನವಾಗಿತ್ತು.

ಹತ್ತನೆಯ ದಿನ ಮನೆಯವರೆಲ್ಲ ಉಜಿರೆಗೆ ಹೊರಟೆವು. ನಾಲ್ಕು ಜನ, ಮೇಲೆ ಸಾಮಾನು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಎರಡನೆಯ ಗೇರಿನಲ್ಲಿ, ಮೂರನೆಯದೋ ನಾಲ್ಕನೆಯದೋ ಬಲತಿರುವಿನಲ್ಲಿ ಅದೇ ಸರ್, ಸರ್. ಹೆಂಡತಿ ನನ್ನ ಮುಖ ನೋಡಿದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವ ಆ ದಾರಿಯಲ್ಲಿ, ಚಕ್ರದಿಂದ ಬರುವ ಅರ್ಥವಾಗದ ಸದ್ದನ್ನು ಕೇಳುತ್ತ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಇಳಿಯುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಚಾರ್ಮಾಡಿ ಹಳ್ಳಿ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಮರಳಿ ಬಂದು ಗ್ಯಾರೇಜಿಗೆ ಹೋದಾಗ ನನಗೆ ಅಸಮಾಧಾನವಿತ್ತು, ಅದನ್ನು ಹೇಳಿದೆ ಕೂಡ. ಮೇಸ್ತ್ರಿಯವರು ವಾದಿಸಲಿಲ್ಲ. ನೋಟ್‌ಬುಕ್ಕನ್ನು ತೆರೆದು ನಮ್ಮ ಕಾರಿನ ಪುಟವನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಗಡು ಡಿಸ್ಕಿನ ಹತ್ರ ಹೋಗಿದ್ದಲ್ಲ ಮೇಷ್ಟ್ರೇ, ಡಿಸ್ಕೇ ತಗಡಿನ ಹತ್ರ ಹೋಗ್ತಾ ಉಂಟು. ಹೊಳೆಯೋ ಗೆರೆ ನೋಡಿ ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆ, ಅದು ನನ್ನ ತಪ್ಪು" ಎಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಸಾಲಾಗಿ ತಿರುವುಗಳನ್ನು ದಾಟಿದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲು ಎಂದಿಗಿಂತ ತುಸು ಆಳಕ್ಕೆ ಹೋಗಿ, ಎರಡನೆಯ ಸಲ ಒತ್ತಿದಾಗ ಸರಿಯಾಗುತ್ತದೆಯೇ? ನಾನು ತಬ್ಬಿಬ್ಬಾದೆ. ಹಾಗೆ ಆಗುತ್ತಿತ್ತು. ಘಾಟಿಯ ಬಿಸಿಗೆ ಬ್ರೇಕ್ ಹಾಗೆ ಮಾಡುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ, ಯಾರಿಗೂ ತಿಳಿಸಿರಲಿಲ್ಲ.

ಅವರ ವಿವರಣೆ ಹೀಗಿತ್ತು. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ. ಎಡ ಮುಂಚಕ್ರದ ಬೇರಿಂಗಿನಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲ ಇದ್ದರೆ, ಚಕ್ರವನ್ನು ಹೊತ್ತಿರುವ ಹಬ್ಬು ವಾಲಿ, ಅದರೊಡನೆ ಡಿಸ್ಕೂ ವಾಲುತ್ತದೆ. ಬೇರಿಂಗಿನಲ್ಲಿ ಕಾಣದಷ್ಟಿರುವ ಅಲುಗಾಟ ಡಿಸ್ಕಿನ ಅಂಚಿಗೆ ಬರುವಾಗ ದೊಡ್ಡದಾಗಿರುತ್ತದೆ. ವಾಲಿದ ಡಿಸ್ಕು ಒಂದು ಕಡೆ ತಗಡನ್ನು ತಾಗುತ್ತದೆ, ಇನ್ನೊಂದು ಕಡೆ ಪ್ಯಾಡನ್ನೂ ಅದರ ಹಿಂದಿನ ಪಿಸ್ಟನ್ನನ್ನೂ ಒಳಕ್ಕೆ ತಳ್ಳುತ್ತದೆ. ಹಿಂದೆ ಸರಿದ ಪಿಸ್ಟನ್ನು ಮತ್ತೆ ಮುಂದೆ ಬರಬೇಕಾದ್ದರಿಂದ ಮೊದಲ ಸಲದ ಪೆಡಲು ಆಳಕ್ಕೆ ಹೋಗುತ್ತದೆ. ಬ್ರೇಕ್ ಮುಟ್ಟಿದಾಗ ಸದ್ದು ನಿಲ್ಲುತ್ತಿದ್ದುದಕ್ಕೂ ಕಾರಣ ಇದೇ: ಎರಡು ಪ್ಯಾಡುಗಳ ನಡುವೆ ಸಿಕ್ಕಿದ ಡಿಸ್ಕಿಗೆ ವಾಲಲು ಆಗುವುದಿಲ್ಲ. ಇಡೀ ದೊಡ್ಡ ವರ್ಕ್‌ಶಾಪನ್ನು ಬ್ರೇಕಿನ ಕಡೆಗೆ ಕರೆದೊಯ್ದ ಲಕ್ಷಣವೇ ವಾಸ್ತವದಲ್ಲಿ ಬೇರಿಂಗಿನ ಕಡೆಗೆ ಬೆರಳು ಮಾಡುತ್ತಿತ್ತು. ಬ್ರೇಕ್ ಆಯಿಲ್ ಕುದಿದು ಪೆಡಲು ಕುಸಿಯುವುದು ಬೇರೆ ಸಂಗತಿ ಎಂದೂ ಅವರು ಬಿಡಿಸಿ ಹೇಳಿದರು. ಆ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕಾದರೆ, ತೇವ ಹೀರಿದ ಮೇಲಿನ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಾಗೆ ಕುದಿದಾಗ ಪೆಡಲು ಸ್ಪಂಜಿನಂತೆ ಮೆತ್ತಗಾಗುತ್ತದೆ, ಬ್ರೇಕು ತಣಿಯುವವರೆಗೆ ನೆಟ್ಟಗಾಗುವುದಿಲ್ಲ. ನಮ್ಮದು ಎರಡನೆಯ ಒತ್ತಿಗೇ ಗಟ್ಟಿಯಾಗುತ್ತಿತ್ತು.

ಆದರೆ ಈ ಸಲ ಅವರು ವಿವರಣೆಯನ್ನೂ ನಂಬದೆ ಅಳೆಯಲು ಹೊರಟರು. ಮೊದಲ ಪರೀಕ್ಷೆಯಲ್ಲಿ ಕಾರಿನಲ್ಲಿ ಇಬ್ಬರೇ ಇದ್ದೆವು, ಬೇಲೂರು ರಸ್ತೆ ಬಹುಮಟ್ಟಿಗೆ ನೇರ. ಈಗ ಇಬ್ಬರು ಹುಡುಗರನ್ನೂ ಹಿಂದೆ ಕೂರಿಸಿಕೊಂಡು, ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ಕೈಮರದ ದಾರಿಯ ತಿರುವುಗಳಿಗೆ ಕರೆದೊಯ್ದರು. ಭಾರ ಬಿದ್ದ ಕೂಡಲೇ ಸದ್ದು ಬಂದಿತು. ಗ್ಯಾರೇಜಿಗೆ ಮರಳಿ ಚಕ್ರ ಬಿಚ್ಚಿ, ಡಿಸ್ಕನ್ನು ನಟ್ಟುಗಳಿಂದ ಹಬ್ಬಿಗೆ ಬಿಗಿದು, ಅದರ ಅಂಚಿಗೆ ಡಯಲ್ ಗೇಜಿನ ಮೊನೆ ತಾಗಿಸಿ ಅಲುಗಿಸಿದಾಗ ಮುಳ್ಳು ಮಿಲಿಮೀಟರಿನ ಸುಮಾರು ಕಾಲುಭಾಗ ಸರಿಯಿತು. ಬಲಗಡೆಯ ಚಕ್ರದಲ್ಲಿ ಅದೇ ಪರೀಕ್ಷೆ ಮಾಡಿದಾಗ ಮುಳ್ಳು ಇದ್ದಲ್ಲಿಯೇ ಇತ್ತು ಎನ್ನಬಹುದು. ಒಬ್ಬ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು, ಅಲುಗಾಟ ಮಾಯವಾಯಿತು. ಬ್ರೇಕ್ ಒತ್ತಿದ ಮೇಲೂ ಅಲುಗಾಟ ಉಳಿದಿದ್ದರೆ ದೋಷ ಬಾಲ್ ಜಾಯಿಂಟಿನಲ್ಲೋ ಸಸ್ಪೆನ್ಷನ್ನಿನ ಬೇರೆ ಕಡೆಯೋ ಇರುತ್ತಿತ್ತು. ಬೇರಿಂಗನ್ನು ಹಿಡಿದಿಡುವ ಆಕ್ಸೆಲ್ ನಟ್ಟು ಸಡಿಲವಾಗಿದ್ದರೂ ಇದೇ ಲಕ್ಷಣ ಬರುವುದರಿಂದ ಅದನ್ನೂ ಟಾರ್ಕ್ ರೆಂಚಿನಿಂದ ಪರೀಕ್ಷಿಸಿದರು, ಬಿಗಿಯಾಗಿಯೇ ಇತ್ತು. ಇಷ್ಟೂ ಆದ ಬಳಿಕವೇ ಬೇರಿಂಗಿಗೆ ಫೋನ್ ಮಾಡಿದರು.

ಬೇರಿಂಗು ಹಾಸನದಿಂದ ಬಸ್ಸಿನಲ್ಲಿ ಬರಬೇಕಾಗಿದ್ದರಿಂದ ಒಂದು ದಿನ ಹೆಚ್ಚು ಹಿಡಿಯಿತು. ಊರಿನಲ್ಲಿಯೇ ಕಡಿಮೆ ಬೆಲೆಯದು ಸಿಗುತ್ತಿತ್ತು, ಆದರೆ ಪೊಟ್ಟಣ ನೋಡಿ ಅಸಲಿಯೋ ನಕಲಿಯೋ ಹೇಳಲಾಗದ ವಸ್ತುವನ್ನು ಚಕ್ರಕ್ಕೆ ಹಾಕುವುದಿಲ್ಲ ಎಂದರು. ಕೂರಿಸುವಾಗ ನಾನು ಎದುರಿಗೇ ನಿಂತಿದ್ದೆ. ಸುತ್ತಿಗೆಯನ್ನು ಮುಟ್ಟಲಿಲ್ಲ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ, ಬೇರಿಂಗನ್ನು ಗೂಡಿಗೆ ಒತ್ತುವಾಗ ಹೊರಬಳೆಯ ಮೇಲೆ ಮಾತ್ರ, ಹಬ್ಬನ್ನು ಬೇರಿಂಗಿಗೆ ಒತ್ತುವಾಗ ಒಳಬಳೆಗೆ ಆಸರೆ ಕೊಟ್ಟು ಒತ್ತಿದರು. ಬಲವು ಗುಂಡುಗಳ ಮೂಲಕ ಹಾದುಹೋದರೆ ಬಳೆಗಳಲ್ಲಿ ಸಣ್ಣ ತಗ್ಗುಗಳು ಬಿದ್ದು, ಹೊಸ ಬೇರಿಂಗೂ ಬೇಗನೆ ಗೊಂಯ್ ಎನ್ನಲಾರಂಭಿಸುತ್ತದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಸಿಕ್ಕಿಕೊಳ್ಳುವುದನ್ನು ತಡೆಯುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ಇನ್ನೊಂದು ಎಚ್ಚರವೂ ಬೇಕು: ಹಲವು ಕಾರುಗಳ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿಯೇ ಕಾಂತೀಯ ಉಂಗುರವಿರುತ್ತದೆ, ಆ ಬದಿ ಸೆನ್ಸರಿನ ಕಡೆಗೇ ಇರಬೇಕು. ತಿರುಗಾಮುರುಗಾ ಕೂರಿಸಿದರೆ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ, ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಹಳೆಯ ಆಕ್ಸೆಲ್ ನಟ್ಟನ್ನು ಮರಳಿ ಬಳಸದೆ ಹೊಸದನ್ನೇ ಹಾಕಿ, ಟಾರ್ಕ್ ರೆಂಚಿನಿಂದ ಬಿಗಿದು, ಬಿಳಿ ಬಣ್ಣದ ಗುರುತು ಹಾಕಿದರು.

ಕಳಚಿದ ಬೇರಿಂಗನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಒಳಗಿನ ಗ್ರೀಸು ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಗುಂಡು ಓಡುವ ಹಾದಿಯಲ್ಲಿ ತುಕ್ಕಿನ ಕಂದು ಚುಕ್ಕಿಗಳಿದ್ದವು. ಜುಲೈ ತಿಂಗಳಲ್ಲಿ ನಮ್ಮ ತೋಟದ ದಾರಿಗೆ ಅಡ್ಡ ಹರಿಯುವ ಹಳ್ಳದ ನೀರಿನಲ್ಲಿ, ಬಿಸಿಯಾಗಿದ್ದ ಚಕ್ರವನ್ನು ನಾನು ಹಲವು ಸಲ ಇಳಿಸಿದ್ದೇನೆ. ಬಿಸಿಯಾದ ಹಬ್ಬು ಒಮ್ಮೆಲೇ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ ಎಂದು ಮೇಸ್ತ್ರಿಯವರು ಹೇಳಿದರು. ಈಗ ಹಳ್ಳದ ಈಚೆಗೆ ಐದು ನಿಮಿಷ ನಿಲ್ಲಿಸಿ, ನೀರಿನ ಮಟ್ಟವನ್ನು ನೋಡಿಯೇ ದಾಟುತ್ತೇನೆ.

ಎರಡನೆಯ ಬಿಲ್ಲಿನಲ್ಲಿ ಬೇರಿಂಗಿಗೆ 1,680, ನಟ್ಟು ಮತ್ತು ಸರ್‌ಕ್ಲಿಪ್ಪಿಗೆ 240, ಪ್ರೆಸ್ಸು ಮತ್ತು ಮಜೂರಿಗೆ 1,100 ರೂಪಾಯಿ ಬರೆದು, ಮೊದಲ ಸಲ ತೆಗೆದುಕೊಂಡಿದ್ದ 350 ರೂಪಾಯಿಯನ್ನು ನಾನು ಕೇಳದೆಯೇ ಕಳೆದಿದ್ದರು. ಕೊಟ್ಟದ್ದು 2,670 ರೂಪಾಯಿ. ಆ 350ನ್ನು ಕಳೆಯಬಾರದಿತ್ತು ಎಂಬುದು ನನ್ನ ಅಭಿಪ್ರಾಯ, ಅವರಿಗೂ ಹೇಳಿದೆ. ಎರಡು ಗಂಟೆ ಹುಡುಕಿದ್ದು ಕೆಲಸವೇ. ಬಿಡಿಭಾಗ ಮಾರಿದರೆ ಮಾತ್ರ ಹಣ, ಹುಡುಕಿದ್ದಕ್ಕೆ ಇಲ್ಲ ಎಂಬ ಪದ್ಧತಿಯಿಂದಲೇ ಬೇಡದ ಬಿಡಿಭಾಗಗಳು ನಮ್ಮ ಕಾರುಗಳಿಗೆ ಬರುತ್ತವೆ. ಹುಡುಕುವ ಕೆಲಸಕ್ಕೆ ಪ್ರತ್ಯೇಕವಾಗಿ 500 ರೂಪಾಯಿ ಎಂದು ಅವರು ಬೋರ್ಡು ಹಾಕಿದರೆ ನಾನು ಸಂತೋಷದಿಂದ ಕೊಡುತ್ತೇನೆ.

ಕೊರತೆಗಳೂ ಇವೆ. ಕಾಯುವವರಿಗೆ ಕೂರಲು ಒಂದು ಬೆಂಚು ಬಿಟ್ಟರೆ ಏನೂ ಇಲ್ಲ, ಹೆಂಗಸರು ಒಬ್ಬರೇ ಹೋದರೆ ಶೌಚಾಲಯಕ್ಕೆ ಬೇರೆ ಕಡೆ ಹೋಗಬೇಕು. ಕೆಲಸ ಮಾಡುತ್ತಿರುವಾಗ ಫೋನ್ ಎತ್ತುವುದಿಲ್ಲ. ಬಿಲ್ಲನ್ನು ಮೊದಲು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು. ಬೇರಿಂಗಿನ ವಾರಂಟಿಗಾಗಿ ಅಂಗಡಿಯ ಜಿಎಸ್‌ಟಿ ಬಿಲ್ಲನ್ನು ನಾನೇ ಕೇಳಿ ಪಡೆಯಬೇಕಾಯಿತು. ಡಯಲ್ ಗೇಜನ್ನು ಮೊದಲ ದಿನವೇ ಹೊರತೆಗೆದಿದ್ದರೆ ನಾವು ಚಾರ್ಮಾಡಿಯನ್ನು ಆ ಸದ್ದಿನೊಂದಿಗೆ ಇಳಿಯಬೇಕಾಗಿರಲಿಲ್ಲ ಎಂಬ ಮಾತನ್ನೂ ಮುಚ್ಚಿಡುವುದಿಲ್ಲ.

ಕಾರು ಅಲ್ಲಿಂದೀಚೆಗೆ 1,900 ಕಿಲೋಮೀಟರ್ ಓಡಿದೆ. ಚಾರ್ಮಾಡಿಯನ್ನು ಮತ್ತೊಮ್ಮೆ, ಅದೇ ನಾಲ್ಕು ಜನರೊಂದಿಗೆ ಇಳಿದು ಹತ್ತಿದ್ದೇವೆ. ಸದ್ದಿಲ್ಲ, ಪೆಡಲು ಮೊದಲ ಒತ್ತಿಗೇ ಗಟ್ಟಿಯಾಗಿ ನಿಲ್ಲುತ್ತದೆ. 500 ಕಿಲೋಮೀಟರಿಗೆ ಒಮ್ಮೆ ಕರೆದು ಆಕ್ಸೆಲ್ ನಟ್ಟಿನ ಬಿಳಿ ಗುರುತು ಸರಿದಿದೆಯೇ ಎಂದು ನೋಡಿದರು, ಹಣ ಕೇಳಲಿಲ್ಲ. ಅಲ್ಲಿಗೆ ಹೋಗುವವರು ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಹೋಗಬೇಕು. ಮಧ್ಯಾಹ್ನದ ಮೇಲೆ ಹೋದರೆ ಕಾರನ್ನು ರಾತ್ರಿ ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ, ಏಕೆಂದರೆ ಚಕ್ರ ತಣ್ಣಗಿರುವಾಗಿನ ಸದ್ದನ್ನು ಒಮ್ಮೆ ಕೇಳದೆ ಮೇಸ್ತ್ರಿಯವರು ಈಗ ಪಾನಾ ಹಿಡಿಯುವುದಿಲ್ಲ.